ಮಲ್ಪೆಯ ದ್ವೀಪದಲ್ಲಿ ಕಡಲಹಕ್ಕಿಗಳ ಲೆಕ್ಕ

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದ ಜನವರಿಯ ಆ ಬೆಳಿಗ್ಗೆ, ಕಂಬಗಳಂತೆ ನಿಂತ ಬಂಡೆಗಳ ಮೇಲಿದ್ದ ಗಲ್ ಹಕ್ಕಿಗಳನ್ನು ಎಣಿಸುವುದಕ್ಕಿಂತ ಗುರುತಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಇಳಿಯುವ ಕಂದುತಲೆಯ ಗಲ್, ಇಲ್ಲಿರುವಾಗ ತಲೆಯ ಕಂದುಬಣ್ಣವನ್ನೇ ಕಳೆದುಕೊಂಡು ಕಿವಿಯ ಬಳಿ ಒಂದು ಕಪ್ಪು ಕಲೆಯನ್ನಷ್ಟೇ ಉಳಿಸಿಕೊಂಡಿರುತ್ತದೆ. ಕರಿತಲೆಯ ಗಲ್ ಕೂಡ ಹಾಗೆಯೇ. ಆದ್ದರಿಂದ ನಾನು ಮೊದಲು ಕಣ್ಣನ್ನು ನೋಡುತ್ತೇನೆ: ಬೆಳೆದ ಕಂದುತಲೆಯ ಹಕ್ಕಿಯ ಕಣ್ಣು ತಿಳಿಬಣ್ಣದ್ದು, ಕರಿತಲೆಯದರ ಕಣ್ಣು ಕಡುಬಣ್ಣದ್ದು. ಹಾರುವಾಗ ರೆಕ್ಕೆಯ ಕರಿಯ ತುದಿಯಲ್ಲಿ ಬಿಳಿ ಬೊಟ್ಟುಗಳು ಕಂಡರೆ ಅದು ಕಂದುತಲೆಯದೇ. ಮರಿಹಕ್ಕಿಗಳಲ್ಲಿ ಈ ಗುರುತುಗಳು ಸ್ಪಷ್ಟವಿರುವುದಿಲ್ಲವಾದ್ದರಿಂದ, ದೂರದಲ್ಲಿದ್ದವನ್ನು ಪುಸ್ತಕದಲ್ಲಿ ‘ಗಲ್, ಜಾತಿ ತಿಳಿಯದು’ ಎಂದೇ ಬರೆದೆ. ಊಹಿಸಿ ತುಂಬಿದ ಪಟ್ಟಿಗಿಂತ ಅದು ಮೇಲು. ಯಾರೋ ಓಡಿಬಂದು ಗುಂಪನ್ನು ಹಾರಿಸಿದಾಗ ಮಾತ್ರ ನಿಜಕ್ಕೂ ನೊಂದೆ.