"ಪಂಪಿಂಗ್ ಚೆನ್ನಾಗುಂಟು ಮಾಷ್ಟ್ರೇ"

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ನಾನು ಎಕೋ (ಹೃದಯದ ಸ್ಕ್ಯಾನ್) ಟೆಕ್ನಿಷಿಯನ್. ಮಂಗಳೂರಿನಿಂದ ಕಾರ್ಡಿಯಾಲಜಿಸ್ಟ್ ಬರುವ ದಿನ ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ. ಮಲಯಾಳ, ತುಳು, ಕನ್ನಡ ಮೂರರಲ್ಲೂ "ಎಡಕ್ಕೆ ತಿರುಗಿ ಮಲಗಿ" ಅಂತ ಹೇಳಿ ಹೇಳಿ ಗಂಟಲು ಒಣಗುತ್ತದೆ.

ಅಂಥ ಒಂದು ದಿನ ಮುಳ್ಳೇರಿಯ ಕಡೆಯ ಮಾಷ್ಟ್ರು ಬಂದರು. ಕನ್ನಡ ಶಾಲೆಯಿಂದ ರಿಟೈರ್ ಆದವರು, ಈಗ ಅಡಿಕೆ ತೋಟ. ಹತ್ತು ವರ್ಷದ ಬಿಪಿ. ಗುಡ್ಡೆ ಹತ್ತಿದರೆ ಉಬ್ಬಸ. "ಪ್ರಾಯ ಆಯ್ತಲ್ವಾ ಮಗಳೇ" ಅಂದರು. ನಾನೂ ತಲೆಯಾಡಿಸಿದೆ.

ಇಎಫ್, ಅಂದರೆ ಪ್ರತಿ ಬಡಿತಕ್ಕೆ ಎಡ ಕೆಳಕೋಣೆ ತನ್ನೊಳಗಿನ ರಕ್ತದಲ್ಲಿ ಹೊರಗೆ ತಳ್ಳುವ ಪಾಲು, ಶೇಕಡಾ 65; ನಾರ್ಮಲ್. ಸೆಪ್ಟಮ್, ಅಂದರೆ ಹೃದಯದ ನಡುಗೋಡೆ, 13 ಮಿ.ಮೀ. ದಪ್ಪ. ಗಂಡಸರಿಗೆ 10ರೊಳಗೆ ಇರಬೇಕು, ಆದರೆ ಬಿಪಿಯವರಲ್ಲಿ ದಿನಾ ನೋಡುವುದು ಇದನ್ನೇ. ಮೈಲ್ಡ್ ಎಲ್‌ವಿಎಚ್, ಎಡ ಕೆಳಕೋಣೆಯ ಗೋಡೆ ಸ್ವಲ್ಪ ದಪ್ಪ, ಅಂತ ಹಾಕಿದೆ. ಆ ಗೋಡೆ ಸರಿಯಾಗಿ ಸಡಿಲವಾಗುತ್ತದಾ ಅಂತ ತಿಳಿಯಲು ನೋಡಬೇಕಾದ ಎಲ್‌ಎ (ಎಡ ಮೇಲ್ಕೋಣೆ) ವಾಲ್ಯೂಮ್ ತೆಗೆಯಲಿಲ್ಲ, ಗೋಡೆಯ ಚಲನೆಯ ವೇಗ ಅಳೆಯುವ ಟಿಶ್ಯೂ ಡಾಪ್ಲರ್ ಮುಟ್ಟಲಿಲ್ಲ. ನಮ್ಮ ಟೆಂಪ್ಲೇಟಿನಲ್ಲಿ "ಡಯಾಸ್ಟಾಲಿಕ್ ಫಂಕ್ಷನ್ ನಾರ್ಮಲ್", ಅಂದರೆ ಹೃದಯ ಸಡಿಲವಾಗಿ ತುಂಬಿಕೊಳ್ಳುವುದು ಸರಿ ಇದೆ, ಅಂತ ಮೊದಲೇ ಟೈಪಾಗಿ ಕೂತಿರುತ್ತದೆ. ಅಳಿಸದಿದ್ದರೆ ಅದೇ ಪ್ರಿಂಟ್.

ಜೆಲ್ ಒರೆಸಿಕೊಳ್ಳುತ್ತಾ "ಹೇಗುಂಟು?" ಅಂತ ಕೇಳಿದರು. ಹೇಳುವುದು ನನ್ನ ಕೆಲಸ ಅಲ್ಲ. ಆದರೂ "ಪಂಪಿಂಗ್ ಚೆನ್ನಾಗುಂಟು ಮಾಷ್ಟ್ರೇ, ಹೆದರ್ಬೇಡಿ" ಅಂದುಬಿಟ್ಟೆ.

ಮೂರು ವಾರದ ನಂತರ, ರಾತ್ರಿ ಹತ್ತಕ್ಕೆ ಕ್ಯಾಶುವಾಲಿಟಿಯಿಂದ ಕರೆ. ಮಾಷ್ಟ್ರು ಮಂಚದ ಅಂಚು ಹಿಡಿದು ಕೂತಿದ್ದರು. ಬಿಪಿ 210/120. ಎದೆಯಲ್ಲಿ ಗೊರ ಗೊರ. ಮಲಗಿಸುವ ಹಾಗಿಲ್ಲ. ಬಿಪಿ ಇಳಿಸುವ ನೈಟ್ರೋ ಡ್ರಿಪ್ ಓಡುತ್ತಿತ್ತು. ಕೂತಲ್ಲೇ ಪ್ರೋಬ್ ಇಟ್ಟೆ. ಬೆವರಿಗೆ ಅದು ಜಾರುತ್ತಿತ್ತು. ಎಲ್‌ವಿ, ಅದೇ ಎಡ ಕೆಳಕೋಣೆ, ಗಟ್ಟಿಯಾಗಿ ಹಿಂಡುತ್ತಿತ್ತು, ಇಎಫ್ 60ರ ಮೇಲೆಯೇ! ಶ್ವಾಸಕೋಶದಲ್ಲಿ ನೀರು ತುಂಬಿ ಮನುಷ್ಯ ಒದ್ದಾಡುವಾಗಲೂ ನನ್ನ "ಪಂಪಿಂಗ್" ಚೆನ್ನಾಗಿಯೇ ಇತ್ತು. ದಪ್ಪಗಾದ ಗೋಡೆ ಸಡಿಲವಾಗದೆ ಒಳಗೆ ಏರಿದ ಒತ್ತಡ ನೀರನ್ನು ಹಿಂದಕ್ಕೆ, ಶ್ವಾಸಕೋಶಕ್ಕೆ ತಳ್ಳಿತ್ತು. ಇಎಫ್ ಅದನ್ನು ಹೇಳುವುದೇ ಇಲ್ಲ.

ಬಾಗಿಲ ಹತ್ತಿರ ಅವರ ಹೆಂಡತಿ ಸಿಸ್ಟರ್ ಹತ್ರ ಹೇಳುತ್ತಿದ್ದರು: "ಹಾರ್ಟ್ ಸರಿ ಉಂಟು ಅಂತ ಎಕೋದ ಹುಡುಗಿ ಹೇಳಿದ್ದಾಳಂತೆ. ಮತ್ತೆ ಮಾತ್ರೆ ಯಾಕೆ ಅಂತ ಬಿಟ್ರು." ನಾನು ಮಾಸ್ಕ್ ಇನ್ನಷ್ಟು ಮೇಲೆಳೆದುಕೊಂಡೆ.

ಡ್ಯೂಟಿ ಮುಗಿಸಿ ಹಳೇ ಕ್ಲಿಪ್ ತೆರೆದೆ. ಉಳಿದಿದ್ದ ಫ್ರೇಮ್‌ನಲ್ಲೇ ಎಲ್‌ಎ ಅಳೆದೆ. ಮೈಯ ಅಳತೆಗೆ ಹೊಂದಿಸಿದ ಇಂಡೆಕ್ಸ್ 41. 34 ದಾಟಿದರೆ ದೊಡ್ಡದು. ಅಳೆಯಲು ಎರಡು ನಿಮಿಷ ಸಾಕಿತ್ತು.

ಈಗ ಟೆಂಪ್ಲೇಟಿನ ಆ ಸಾಲನ್ನು ಮೊದಲು ಅಳಿಸಿಯೇ ಶುರುಮಾಡುತ್ತೇನೆ. ರಿಪೋರ್ಟಿನ ತಲೆಯಲ್ಲಿ ಆ ಹೊತ್ತಿನ ಬಿಪಿ ಬರೆಯುತ್ತೇನೆ. ಎಕೋ ರೂಮಿಗೊಂದು ಬಿಪಿ ಮೆಷಿನ್ ಕೇಳಿ ಇಂಡೆಂಟ್ (ಬೇಡಿಕೆ ಚೀಟಿ) ಕೊಟ್ಟು ಐದು ತಿಂಗಳಾಯಿತು. ಸದ್ಯ ಒಪಿಯಿಂದ ಸಾಲ ತರುವುದು.

ಮಾಷ್ಟ್ರು ಹುಷಾರಾಗಿ ರಿವ್ಯೂಗೆ ಬಂದಿದ್ದರು. "ಈ ಸಲ ಎಷ್ಟು ಮಾರ್ಕು ಮಗಳೇ?"

"ಡಾಕ್ಟ್ರು ಹೇಳ್ತಾರೆ ಮಾಷ್ಟ್ರೇ. ಎಡಕ್ಕೆ ತಿರುಗಿ."