ಗಡಿಯಾರದಲ್ಲಿ ಮಧ್ಯರಾತ್ರಿ, ಕಿಟಕಿಯಲ್ಲಿ ಸೂರ್ಯ

2023ರ ಡಿಸೆಂಬರ್‌ನಲ್ಲಿ ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟೆ. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಮೆಣಸಿನ ಸಾರಿನ ಪುಡಿ, ಮಗುವಿಗೆಂದು ಹಳೆ ಕಾಟನ್ ಸೀರೆ ಹರಿದು ಮಡಚಿಟ್ಟ ಬಟ್ಟೆ. ಮಧ್ಯೆ ಎಲ್ಲೂ ಇಳಿದು ಹತ್ತುವ ಗೋಜಿಲ್ಲದ ನೇರ ವಿಮಾನ ಸಿಕ್ಕಿತ್ತು. ಒಬ್ಬಳೇ ಹೋಗುವವಳಿಗೆ ಅದು ಎಷ್ಟು ಸಮಾಧಾನ ಅಂದ್ರೆ, ಹೇಳೋಕಾಗಲ್ಲ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವಳು ನಾನು. ಹಿಂದಿನ ದಿನ ಗ್ಲೋಬ್ ತೆಗೆದು ಎರಡೂ ಊರಿನ ನಡುವೆ ಹೂ ಕಟ್ಟುವ ದಾರ ಬಿಗಿಯಾಗಿ ಹಿಡಿದು ನೋಡಿದೆ. ದಾರ ಉತ್ತರಕ್ಕೆ ಏರಿ, ಸೈಬೀರಿಯಾ ಹಾಯ್ದು, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯಿತು. ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಆ ಊರಿನಿಂದ ಬೆಂಗಳೂರಿಗೆ ವಿಮಾನ ತಂದಿದ್ದರು. ಆ ಸುದ್ದಿಯ ಪೇಪರ್ ತುಂಡು ನನ್ನ ಹತ್ತಿರ ಈಗಲೂ ಇದೆ.

ನಮ್ಮ ವಿಮಾನ ದಾರದ ದಾರಿ ಹಿಡಿಯಲಿಲ್ಲ. ಜಪಾನ್ ಕಡೆ ಸಾಗಿ ಪೆಸಿಫಿಕ್ ಮೇಲೆ ಹೋಯಿತು. ಚಳಿಗಾಲದಲ್ಲಿ ಅಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಜೆಟ್ ಸ್ಟ್ರೀಮ್ ಅಂತಾರಲ್ಲ, ಅದು. ದೂರ ಜಾಸ್ತಿಯಾದರೂ ಗಾಳಿ ಬೆನ್ನಿಗಿದ್ದರೆ ಹೊತ್ತು ಉಳಿಯುತ್ತದೆ. ಎದುರಿನ ಪರದೆಯಲ್ಲಿ ವೇಗ ಗಂಟೆಗೆ 1,100 ಕಿ.ಮೀ. ದಾಟಿದ್ದನ್ನು ನಾನೇ ನೋಡಿದೆ.

ಮಧ್ಯಾಹ್ನ ಎರಡಕ್ಕೆ ಹೊರಟಿದ್ದೆವು. ಸೂರ್ಯನಿಗೆ ಬೆನ್ನು ಹಾಕಿ ಹೋಗುತ್ತಿದ್ದುದರಿಂದ ಬೇಗ ಕತ್ತಲಾಯಿತು. ಕಾಲು ಊದಬಾರದು ಅಂತ ಆಗಾಗ ಎದ್ದು ಹಿಂದಿನ ತನಕ ನಡೆದು ಬರುತ್ತಿದ್ದೆ. ಹಾಗೆ ಒಂದು ಸಲ ಬಂದು ಕೂತಾಗ ಕಿಟಕಿಯ ಅಂಚಿನಲ್ಲಿ ಕೆಂಪು ಗೆರೆ ಕಂಡಿತು. ಆಮೇಲೆ ಸೂರ್ಯನೇ ಬಂದ. ನನ್ನ ಕೈಗಡಿಯಾರದಲ್ಲಿ ಆಗ ರಾತ್ರಿ ಹನ್ನೆರಡು. ಅಂತರರಾಷ್ಟ್ರೀಯ ದಿನರೇಖೆ ದಾಟಿ ಆಗಿತ್ತು. ಪೂರ್ವಕ್ಕೆ ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ. ಅದೇ ಬೆಳಿಗ್ಗೆ ನಮ್ಮನೆ ಅಂಗಳದಲ್ಲಿ ರಂಗೋಲಿ ಹಾಕುವಾಗ ಕಂಡ ಸೂರ್ಯ, ಅದೇ ತಾರೀಖಿನಲ್ಲಿ ಮತ್ತೆ ಹುಟ್ಟುತ್ತಿದ್ದ. ಎಷ್ಟೋ ಸಲ ಬೋರ್ಡ್ ಮೇಲೆ ಬರೆದ ಗೆರೆ ಅದು. ಕಣ್ಣು ತುಂಬಿ ಬಂತು.

ಸುಮಾರು ಹದಿನಾರು ಗಂಟೆ ಹಾರಿ ಇಳಿದಾಗ ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ. ಬೆಂಗಳೂರಿಗೂ ಅಲ್ಲಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಾರ್ಚ್‌ನಲ್ಲಿ ಅವರು ಗಡಿಯಾರ ಮುಂದೆ ತಿರುಗಿಸಿದ ಮೇಲೆ ಹನ್ನೆರಡೂವರೆ. ಆ ತಿಂಗಳ ಕೊನೆಯಲ್ಲಿ ವಾಪಸ್ ಬರುವಾಗ ಶನಿವಾರ ರಾತ್ರಿ ಹತ್ತಿದವಳು ಸೋಮವಾರ ಬೆಳಗಿನ ಜಾವ ಇಳಿದೆ. ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆಯಿತು.

ಮೊಮ್ಮಗಳು ಹುಟ್ಟಿದ್ದು ಅಲ್ಲಿನ ಜನವರಿ 11, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ. ಕೂಡಲೇ ಮನೆಯವರಿಗೆ ಫೋನ್ ಮಾಡಿದೆ. ಅಲ್ಲಿ ನಸುಕಿನ ನಾಲ್ಕು ಗಂಟೆ ನಲವತ್ತು ನಿಮಿಷ, ಲೈಟೂ ಹಾಕದೆ ಫೋನ್ ಎತ್ತಿದ್ದರು. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಅವರು ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದು 12ಕ್ಕೆ.