ಟೊಮೆನ್ ಅ ಮೀರ್: ರೋಮನ್ನರ ಕೋಟೆಯೊಳಗೆ ನಾರ್ಮನ್ನರ ದಿಬ್ಬ

ಉತ್ತರ ವೇಲ್ಸ್‌ಗೆ ಹೋದವರು ಸಾಮಾನ್ಯವಾಗಿ ಕಾನ್ವಿ, ಹಾರ್ಲೆಕ್, ಕಾರ್ನಾರ್ವನ್ ಕೋಟೆಗಳನ್ನು ನೋಡಿ ಬರುತ್ತಾರೆ. ನೋಡಲೇಬೇಕಾದ ಕೋಟೆಗಳೇ ಅವು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಟ್ರೌಸ್‌ವನಿಧ್ ಕೆರೆಯ ಹತ್ತಿರದ ಟೊಮೆನ್ ಅ ಮೀರ್. ಅಲ್ಲಿ ಟಿಕೆಟ್ ಇಲ್ಲ, ಅಂಗಡಿ ಇಲ್ಲ. ನಾವು ಹೋದಾಗ ಇದ್ದದ್ದು ಕುರಿಗಳು ಮತ್ತು ಗಾಳಿ, ಅಷ್ಟೇ.

ದೂರದಿಂದ ನೋಡಿದರೆ ಹುಲ್ಲು ಬೆಳೆದ ಒಂದು ಗುಡ್ಡೆ. ಎರಡು-ಮೂರು ಮಹಡಿಯ ಮನೆಯಷ್ಟು ಎತ್ತರ. ಇದು ತಾನಾಗಿ ಬಂದ ಗುಡ್ಡೆಯಲ್ಲ, ಕೈಯಿಂದ ಕಟ್ಟಿದ್ದು. ಫ್ರಾನ್ಸಿನ ಕಡೆಯಿಂದ ಬಂದು 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರು ಹೊಸ ಜಾಗಕ್ಕೆ ನುಗ್ಗಿದಾಗ ಕಲ್ಲಿನ ಕೋಟೆ ಕಟ್ಟುವಷ್ಟು ಪುರುಸೊತ್ತು ಇರುತ್ತಿರಲಿಲ್ಲ. ಸುತ್ತ ಕಂದಕ ತೋಡಿ, ಆ ಮಣ್ಣನ್ನೇ ನಡುವೆ ರಾಶಿ ಹಾಕಿ, ಮೇಲೆ ಮರದ ಗೋಪುರ ನಿಲ್ಲಿಸಿ ಬೇಲಿ ಹಾಕಿಬಿಟ್ಟರೆ ಕೋಟೆ ಸಿದ್ಧ. ಮರ ಎಂದೋ ಹೋಯಿತು. ಮಣ್ಣು ಉಳಿದಿದೆ.

ಇಲ್ಲಿನ ವಿಶೇಷ ಏನೆಂದರೆ, ಈ ದಿಬ್ಬ ಕೂತಿರುವುದೇ ಇನ್ನೊಂದು ಕೋಟೆಯೊಳಗೆ. ಕ್ರಿ.ಶ. 78ರ ಸುಮಾರಿಗೆ ರೋಮನ್ನರು ಇಲ್ಲಿ ಸೈನಿಕರನ್ನಿಟ್ಟಿದ್ದರು, ಎರಡನೇ ಶತಮಾನದಲ್ಲಿ ಬಿಟ್ಟು ಹೋದರು. ಅವರು ಹೋಗಿ 900 ವರ್ಷಕ್ಕೂ ಮೇಲಾದ ಮೇಲೆ ನಾರ್ಮನ್ನರು ಬಂದು ಅದೇ ಜಾಗ ಆರಿಸಿಕೊಂಡರು. 1095ರಲ್ಲಿ ಇಂಗ್ಲೆಂಡಿನ ನಾರ್ಮನ್ ರಾಜ ವಿಲಿಯಂ ರೂಫಸ್‌ನ ದಂಡು ಇಲ್ಲಿಗೆ ಬಂದಿತ್ತು, 1114ರಲ್ಲಿ ಮೊದಲನೇ ಹೆನ್ರಿಯ ದಂಡು. ದಿಬ್ಬ ರೂಫಸ್ ಕಾಲದ್ದು ಎನ್ನುವವರೇ ಹೆಚ್ಚು.

ಯಾಕೆ ಇದೇ ಜಾಗ ಅನ್ನುವುದು ಮೇಲೆ ಹತ್ತಿದ ತಕ್ಷಣ ಗೊತ್ತಾಗುತ್ತದೆ. ಒಂದು ಕಡೆ ಮೊಯ್ಲ್‌ವಿನ್ ಬೆಟ್ಟಗಳು, ಇನ್ನೊಂದು ಕಡೆ ರಿನೊಗ್ ಸಾಲು, ಕೆಳಗೆ ಕಣಿವೆ ಪೂರ್ತಿ ಬಯಲು. ಯಾರೇ ಬಂದರೂ ಬಹಳ ಮೊದಲೇ ಕಾಣುತ್ತಾರೆ, ಅಡಗಿ ಬರಲು ದಾರಿಯೇ ಇಲ್ಲ. ಕಾಲ ಕೆಳಗೆ ರೋಮನ್ ಕೋಟೆಯ ಚೌಕಾಕಾರದ ಏರಿಗಳೂ ಸ್ಪಷ್ಟವಾಗಿ ಕಾಣುತ್ತವೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೆರಳು ಎದ್ದು ಅವು ಇನ್ನೂ ಚೆನ್ನಾಗಿ ತಿಳಿಯುತ್ತವೆ, ಹಾಗಾಗಿ ಮಧ್ಯಾಹ್ನಕ್ಕಿಂತ ಸಂಜೆಯೇ ವಾಸಿ.

ಕೋಟೆಯಿಂದ ಸ್ವಲ್ಪ ಆಚೆ ಪುಟ್ಟ ಬಟ್ಟಲಿನಂತೆ ಒಂದು ತಗ್ಗಿದೆ. ಅದು ರೋಮನ್ನರ ಆಂಫಿಥಿಯೇಟರ್, ಅಂದರೆ ಸುತ್ತ ಕೂತು ಆಟ ನೋಡುವ ಬಯಲು ರಂಗ! ಇಷ್ಟು ಸಣ್ಣ ಗಡಿ ಕೋಟೆಗೆ ಆಂಫಿಥಿಯೇಟರ್ ಇರುವುದು ಬ್ರಿಟನ್ನಿನಲ್ಲಿ ತೀರಾ ಅಪರೂಪ. ಈ ಚಳಿ, ಈ ಮಳೆಯಲ್ಲಿ ಮನೆಯಿಂದ ಅಷ್ಟು ದೂರ ಬಂದ ಸೈನಿಕರಿಗೆ ಹೊತ್ತು ಕಳೆಯಲು ಏನಾದರೂ ಬೇಕಿತ್ತು ಅಲ್ವಾ?

ವೇಲ್ಸ್‌ನ ಹಳೆಯ ಕಥೆಯೊಂದೂ ಇಲ್ಲೇ ನಡೆಯುತ್ತದೆ. ಮನುಷ್ಯ ಕುಲದ ಹೆಂಡತಿ ಸಿಗಬಾರದು ಎಂಬ ಶಾಪ ಹೊತ್ತ ಹ್ಲೈ ಎಂಬ ವೀರನಿಗೆ ಇಬ್ಬರು ಮಾಂತ್ರಿಕರು ಹೂಗಳಿಂದಲೇ ಬ್ಲೊಡೈವೆಧ್ ಎಂಬ ಹೆಣ್ಣನ್ನು ಮಾಡಿಕೊಡುತ್ತಾರೆ, ಗಂಡ ಹೆಂಡತಿ ಇದೇ ಜಾಗದಲ್ಲಿ ಮನೆ ಹೂಡುತ್ತಾರೆ. ಅವಳು ಬೇರೊಬ್ಬನನ್ನು ಪ್ರೀತಿಸಿ, ಗಂಡನನ್ನು ಕೊಲ್ಲಿಸಲು ಹೊರಟು, ಕೊನೆಗೆ ಗೂಬೆಯಾಗುತ್ತಾಳೆ. ಅವಳನ್ನು ಬೇಕೇ ಎಂದು ಯಾರೂ ಕೇಳಿರಲಿಲ್ಲ, ಅದೇ ನನಗೆ ಬೇಜಾರು.

ಕೆರೆ ದಂಡೆಯಲ್ಲಿ ಬೂದು ಬಣ್ಣದ ಎರಡು ದೊಡ್ಡ ಕಟ್ಟಡಗಳಿವೆ. 1965ರಿಂದ 1991ರವರೆಗೆ ನಡೆದ ಅಣು ವಿದ್ಯುತ್ ಸ್ಥಾವರ ಅದು. ಕೆಲವರಿಗೆ ಅದು ನೋಟ ಕೆಡಿಸಿದ ಹಾಗೆ ಅನಿಸುತ್ತದೆ, ನನಗೆ ಹಾಗನಿಸಲಿಲ್ಲ. ರೋಮನ್ನರು, ನಾರ್ಮನ್ನರ ಸಾಲಿಗೆ ಅದೂ ಸೇರಿತು.

ಹೋಗುವವರು ನೀರು ಹಿಡಿಯದ ಬೂಟು ಹಾಕಿಕೊಳ್ಳಿ, ಹುಲ್ಲಿನಡಿ ಕೆಸರು ಜಾಸ್ತಿ. ಗೇಟು ದಾಟಿದ ಮೇಲೆ ಮರೆಯದೆ ಮುಚ್ಚಿ, ಕುರಿಗಳಿವೆ.